ನಿಮಗಿದು ಗೊತ್ತೆ? ಪುಸ್ತಕ ಹೊತ್ತು ನಡೆದವರ ಊರು

ದಸರೆ ಕಳೆದು ಹೊಳೆ ಇಳಿದ ಮೇಲೆ ಗೆಳೆಯರ ಜತೆ ದಂಡೆಗುಂಟ ನಡೆಯುವ ಆಸೆಯೇ? ಹಾವೇರಿ ತಾಲ್ಲೂಕಿನ ಗಳಗನಾಥಕ್ಕೆ ಬನ್ನಿ. ಸಾಗರ ಸೀಮೆಯಲ್ಲಿ ಹುಟ್ಟಿದ ವರದೆ ತುಂಗಭದ್ರೆಯನ್ನು ಸೇರುವುದು ಇಲ್ಲೇ. ಸಂಗಮದ ಬಳಿಯ ಗಳಗೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಗರ್ಭಗುಡಿಯ ಹೊರಸುತ್ತು ಪಿರಮಿಡ್ಡಿನ ಬುಡದಂತೆ ಮೆಟ್ಟಿಲು ಮೆಟ್ಟಿಲಾಗಿ ಹರಡಿದೆ. ಇಂಥ ಕಟ್ಟಡ ಅಪರೂಪ.

ನಡಿಗೆಯ ಮಾತು ಬಂದರೆ ಈ ಊರಿನ ವೆಂಕಟೇಶ ತಿರಕೋ ಕುಲಕರ್ಣಿಯವರನ್ನು (1869–1942) ನೆನೆಯಲೇಬೇಕು. ಊರ ಹೆಸರನ್ನೇ ಕಾವ್ಯನಾಮ ಮಾಡಿಕೊಂಡ ಈ ‘ಗಳಗನಾಥ’ರು ಕಾದಂಬರಿ ಬರೆದು, ಅಚ್ಚು ಹಾಕಿಸಿ, ಪುಸ್ತಕದ ಗಂಟು ತಾವೇ ಹೊತ್ತು ಊರೂರು ನಡೆದು ಮಾರಿದರು. ನಾವು ಹೊರುವುದು ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿಯಷ್ಟೇ!