ಶಾರ್ಜಾದ ಉಳಿತಾಯ, ಕೈಸರ್ಸ್‌ಲೌಟರ್ನ್‌ನ ಸೀಟು

ಕಳೆದ ವರ್ಷ ಎಪ್ರಿಲ್ ತಿಂಗಳು. ಇಶಾ ಮುಗಿಸಿ ಬಂದು ಊಟಕ್ಕೆ ಕೂತಿದ್ದೆ. ಶಾರ್ಜಾದಿಂದ ಭಾವನ ಫೋನ್ ಬಂತು. ಸಲಾಂ ಹೇಳಿದವರೇ ನೇರ ವಿಷಯಕ್ಕೆ ಬಂದರು. "ಮಗಳಿಗೆ ಅಮೆರಿಕದಿಂದ ಸೀಟು ಬಂದಿದೆಯಂತೆ. ಖುಷಿಪಡುದಾ, ಹೆದರುದಾ ಗೊತ್ತಾಗುದಿಲ್ಲ. ನೀವೊಮ್ಮೆ ಆ ಪೇಪರ್ ನೋಡಿ ಹೇಳಿ."

ತಂಗಿಯ ಮಗಳು ಹುಟ್ಟಿದ್ದು, ಪ್ಲಸ್ ಟು ತನಕ ಓದಿದ್ದು ಶಾರ್ಜಾದಲ್ಲೇ. ಇಂಜಿನಿಯರಿಂಗಿಗೆ ಊರಿಗೆ ಬಂದಳು. ಪಾಣೆಮಂಗಳೂರಿನ ನಮ್ಮ ಹಳೆ ಮನೆಯಲ್ಲಿ ಉಮ್ಮನ ಜೊತೆ ಇದ್ದುಕೊಂಡು ನಾಲ್ಕು ವರ್ಷ ಬಸ್ಸಿನಲ್ಲೇ ಕಾಲೇಜಿಗೆ ಹೋಗಿ ಬಂದಳು. ಮೊದಮೊದಲು ಯುಎಇ ರೆಸಿಡೆನ್ಸ್ ವೀಸಾ ಉಳಿಸಿಕೊಳ್ಳಲಿಕ್ಕೆಂದು ಆರು ತಿಂಗಳಿಗೊಮ್ಮೆ ಹೋಗಿ ಬರುತ್ತಿದ್ದಳು. ಪರೀಕ್ಷೆ ಮತ್ತು ಟಿಕೆಟ್ ದರ ಒಂದಕ್ಕೊಂದು ಹೊಂದದೆ ಅದೂ ತಪ್ಪಿತು, ವೀಸಾ ಹೋಯಿತು. 2024ರಲ್ಲಿ ಬಿಇ ಮುಗಿಸಿ ಮಂಗಳೂರಿನಲ್ಲೇ ಒಂದು ಕಂಪೆನಿಗೆ ಸೇರಿದಳು. ಆದರೆ ಮನಸ್ಸು ಎಂಎಸ್ ಮೇಲೆ.

ಆ ಪೇಪರ್ ನೋಡಿದೆ. ಸೀಟು ನಿಜ. ಆದರೆ ಮೊದಲ ವರ್ಷದ ಫೀಸು, ವಸತಿ, ಊಟ, ವಿಮೆ ಎಲ್ಲ ಸೇರಿ 48 ಸಾವಿರ ಡಾಲರ್ ಎಂದು ಬರೆದಿತ್ತು. ಅಷ್ಟು ಹಣ ಇದೆ ಎಂದು ತೋರಿಸಿದರೆ ಮಾತ್ರ ಐ-20 ಎಂಬ ಪತ್ರ ಸಿಗುತ್ತದೆ. ಆ ಪತ್ರ ಇಲ್ಲದೆ ವಿದ್ಯಾರ್ಥಿ ವೀಸಾಕ್ಕೆ ಅರ್ಜಿಯೇ ಹಾಕುವ ಹಾಗಿಲ್ಲ. ಅದೂ ಒಂದು ವರ್ಷದ್ದು, ಕೋರ್ಸ್ ಇರುವುದು ಎರಡು ವರ್ಷ.

ಭಾವನಿಗೆ 54 ವರ್ಷ. ಶಾರ್ಜಾದಲ್ಲಿ ಒಂದು ಟ್ರೇಡಿಂಗ್ ಕಂಪೆನಿಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಾರೆ. ಊರಿಗೆ ವಾಪಸ್ ಬರುವಾಗ ಸಿಗುವ ಗ್ರ್ಯಾಚುಯಿಟಿ, ಬಿ.ಸಿ. ರೋಡ್ ಹತ್ತಿರ ತೆಗೆದಿಟ್ಟ ಎಂಟು ಸೆಂಟ್ಸ್ ಜಾಗ, ತಂಗಿಯ ಚಿನ್ನ, ಇಷ್ಟೇ ಅವರ ಆಸ್ತಿ. ಕೆಳಗೆ ಇನ್ನೂ ಇಬ್ಬರು ಮಕ್ಕಳಿದ್ದಾರೆ. ಬಡ್ಡಿಯ ಸಾಲ ಮಾಡುವುದಿಲ್ಲ ಎಂಬುದು ಅವರ ಮೊದಲ ಮತ್ತು ಕೊನೆಯ ಷರತ್ತು. ನಮ್ಮಲ್ಲಿ ಎಲ್ಲ ಮನೆಗಳೂ ಹಾಗಿಲ್ಲ, ಅನಿವಾರ್ಯ ಎಂದು ಬ್ಯಾಂಕಿನಿಂದ ತೆಗೆದವರೂ ಇದ್ದಾರೆ. ಅವರ ಬಗ್ಗೆ ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಭಾವನ ಮನೆಯಲ್ಲಿ ಆ ಬಾಗಿಲು ಮುಚ್ಚಿತ್ತು. ಬಾಗಿಲು ಮುಚ್ಚಿದೆ ಎಂದು ಮೊದಲೇ ಗೊತ್ತಿದ್ದರೆ ಹುಡುಕುವ ರೀತಿಯೇ ಬೇರೆಯಾಗುತ್ತಿತ್ತು. ಅವಳು ರ‍್ಯಾಂಕಿಂಗ್ ಪಟ್ಟಿ ನೋಡಿ ಅರ್ಜಿ ಹಾಕಿದ್ದಳು, ಭಾವ ಮನಸ್ಸಿನಲ್ಲೇ ಲೆಕ್ಕ ಹಾಕಿದ್ದರು. ಆರು ತಿಂಗಳು ಅಪ್ಪ-ಮಗಳು ಹಣದ ಮಾತೇ ಎತ್ತಿರಲಿಲ್ಲ!

ಇಲ್ಲಿ ಒಂದು ವಿಷಯ ಹೇಳಬೇಕು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿದೇಶಿ ಶಿಕ್ಷಣ ಸಾಲದ ಬಡ್ಡಿಯನ್ನು ಕೇಂದ್ರ ಸರಕಾರ ಭರಿಸುತ್ತಿದ್ದ 'ಪಢೋ ಪರದೇಸ್' ಯೋಜನೆಯ ಬಗ್ಗೆ ಈಗಲೂ ಮಸೀದಿ ಅಂಗಳದಲ್ಲಿ ಕೇಳುವವರಿದ್ದಾರೆ. ಅದು 2022-23ರಿಂದ ನಿಂತು ಹೋಗಿದೆ. ಅದನ್ನು ನಂಬಿ ಕೂರಬೇಡಿ.

ಆ ವಾರ ವಾಟ್ಸ್‌ಆಪ್ ವಿಡಿಯೋದಲ್ಲಿ ಎಲ್ಲರೂ ಕೂತೆವು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಜಾಗ ಮಾರದೆ, ಸಾಲ ಮಾಡದೆ ಎಷ್ಟು ಕೊಡಬಹುದು?" ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಈಗ 55 ಸಾವಿರ ದಿರ್ಹಮ್ ಉಂಟು. ಮುಂದಿನ ವರ್ಷ ಇನ್ನೊಂದು ಅಷ್ಟು ಮಾಡಬಹುದು." ಮಗಳು ಆ ಮೊತ್ತವನ್ನು ಮೊದಲ ಸಲ ಕೇಳಿದ್ದು. ಮಾರನೆ ದಿನ ಅವಳೇ ಫೋನ್ ಮಾಡಿ, "ಮಾಮ, ಅಮೆರಿಕ ಬೇಡ" ಅಂದಳು. ಅಳುತ್ತಿದ್ದಳೋ ಏನೋ, ನಾನು ಕೇಳಲಿಲ್ಲ. ಮೇ ಕೊನೆಗೆ ಅಮೆರಿಕ ಹೊಸ ವಿದ್ಯಾರ್ಥಿ ವೀಸಾ ಸಂದರ್ಶನಗಳನ್ನೇ ನಿಲ್ಲಿಸಿತು. ಜೂನ್ 18ಕ್ಕೆ ಮತ್ತೆ ಶುರುವಾದದ್ದು, ಅದೂ ಸೋಷಿಯಲ್ ಮೀಡಿಯಾ ಖಾತೆಗಳನ್ನು ತೆರೆದಿಡಬೇಕೆಂಬ ಹೊಸ ನಿಯಮದೊಂದಿಗೆ.

ಹತ್ತಿರದಲ್ಲೇ ಸುರತ್ಕಲ್ ಎನ್‌ಐಟಿಕೆ ಇದೆ. ಗೇಟ್ ಬರೆದು ಎಂಟೆಕ್ ಸೀಟು ಪಡೆದರೆ ತಿಂಗಳಿಗೆ 12,400 ರೂಪಾಯಿ ಸ್ಟೈಪೆಂಡ್ ಬರುತ್ತದೆ. ನಮ್ಮ ಮಕ್ಕಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ನನ್ನ ಹಳೆಯ ದೂರು. ಇವಳು ಬರೆದಿದ್ದಳು, ರ‍್ಯಾಂಕ್ ಸಾಲಲಿಲ್ಲ.

ಉಳಿದದ್ದು ಜರ್ಮನಿ. ಅಲ್ಲಿನ ಹೆಚ್ಚಿನ ಸರಕಾರಿ ವಿಶ್ವವಿದ್ಯಾನಿಲಯಗಳಲ್ಲಿ ಹೊರದೇಶದವರಿಗೂ ಬೋಧನಾ ಶುಲ್ಕ ಇಲ್ಲ. ಸೆಮಿಸ್ಟರ್ ವಂತಿಗೆ ಎಂದು ಸಾಮಾನ್ಯವಾಗಿ 100ರಿಂದ 350 ಯೂರೋ ಕಟ್ಟಿದರೆ ಆಯಿತು, ಹೆಚ್ಚಿನ ಕಡೆ ಅದರಲ್ಲೇ ಬಸ್ಸು-ರೈಲಿನ ಪಾಸೂ ಸೇರಿರುತ್ತದೆ. ಆದರೆ 'ಜರ್ಮನಿ ಫ್ರೀ' ಎಂದು ಕಣ್ಣು ಮುಚ್ಚಿ ಹೋಗುವ ಹಾಗಿಲ್ಲ. ಸ್ಟುಟ್‌ಗಾರ್ಟ್, ಫ್ರೈಬುರ್ಗ್ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ಯುರೋಪಿನ ಹೊರಗಿನವರು ಸೆಮಿಸ್ಟರಿಗೆ 1,500 ಯೂರೋ ಕಟ್ಟಬೇಕು. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾನಿಲಯ 2024ರ ಚಳಿಗಾಲದಿಂದ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000 ಅಥವಾ 6,000 ಯೂರೋ ವಸೂಲಿ ಶುರು ಮಾಡಿದೆ. ಏಜೆಂಟರು ಇದನ್ನು ಕೊನೆಗೆ ಹೇಳುತ್ತಾರೆ.

ದೊಡ್ಡ ಮೊತ್ತ ಬೇರೆಯೇ ಇದೆ. ವೀಸಾ ಬೇಕಾದರೆ ಒಂದು ವರ್ಷದ ಜೀವನಕ್ಕೆಂದು 11,904 ಯೂರೋ ಹಣವನ್ನು 'ಬ್ಲಾಕ್ಡ್ ಅಕೌಂಟ್'ನಲ್ಲಿ ಇಡಬೇಕು. ರೂಪಾಯಿಯಲ್ಲಿ ಸುಮಾರು 12 ಲಕ್ಷ. ದಿರ್ಹಮ್‌ನಲ್ಲಿ 50 ಸಾವಿರದ ಆಸುಪಾಸು. ಅದು ಯಾರಿಗೋ ಕೊಟ್ಟ ಹಣ ಅಲ್ಲ, ಮಗಳದ್ದೇ. ಅಲ್ಲಿ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ಅವಳ ಕೈಗೆ ಬರುತ್ತದೆ. ಬಾಡಿಗೆ, ಊಟ, ತಿಂಗಳಿಗೆ ಸುಮಾರು 140 ಯೂರೋ ಆರೋಗ್ಯ ವಿಮೆ ಎಲ್ಲ ಇದರಲ್ಲೇ. ಭಾವನ ಮುಖದಲ್ಲಿ ಗೆಲುವು ಕಂಡದ್ದು ಈ ಲೆಕ್ಕ ಹೇಳಿದಾಗ.

ಕಾಲೇಜು ಆರಿಸುವ ವಿಷಯಕ್ಕೆ ಬಂದರೆ, ನಾನು ಅವಳಿಂದಲೇ ಕಲಿತದ್ದು ಹೆಚ್ಚು. ನಮ್ಮ ಸಿಜಿಪಿಎಯನ್ನು ಅವರು ತಮ್ಮ ಅಳತೆಗೆ ತಿರುಗಿಸುತ್ತಾರೆ. ಅಲ್ಲಿ 1 ಅತ್ಯುತ್ತಮ, 4 ಕಷ್ಟದಲ್ಲಿ ಪಾಸ್. ಇವಳದ್ದು 8.2. ಗರಿಷ್ಠ 10, ಪಾಸಿಗೆ ಕನಿಷ್ಠ 4 ಎಂದು ಹಿಡಿದರೆ ಅದು 1.9 ಆಗುತ್ತದೆ, ಒಳ್ಳೆಯದೇ. ಆದರೆ ಅಂಕಕ್ಕಿಂತ ಹೆಚ್ಚು ಅವರು ನೋಡುವುದು ಬಿಇಯಲ್ಲಿ ಯಾವ ವಿಷಯ ಎಷ್ಟು ಓದಿದ್ದೀರಿ ಎಂಬುದನ್ನು. ಗಣಿತ ಇಷ್ಟು ಕ್ರೆಡಿಟ್, ಥಿಯರಿ ಇಷ್ಟು ಕ್ರೆಡಿಟ್ ಎಂದು ಪಟ್ಟಿ ಇರುತ್ತದೆ. ಅದು ಹೊಂದದಿದ್ದರೆ 9.5 ಇದ್ದವನ ಅರ್ಜಿಯೂ ವಾಪಸ್. ಹಾಗಾಗಿ ಅವಳು ವಿಟಿಯು ಸಿಲೆಬಸ್ ಮುಂದಿಟ್ಟುಕೊಂಡು ಒಂದೊಂದು ಕೋರ್ಸ್ ಪಕ್ಕ ಇಟ್ಟು ನೋಡಿದಳು. ಹದಿನೆಂಟರ ಪಟ್ಟಿ ಆರಕ್ಕೆ ಇಳಿಯಿತು.

ಜೂನ್‌ನಲ್ಲಿ ಎರಡು ಕಡೆಯಿಂದ ಸೀಟು ಬಂತು, ಮಾಗ್ಡೆಬುರ್ಗ್ ಮತ್ತು ಕೈಸರ್ಸ್‌ಲೌಟರ್ನ್.

ಮಾಗ್ಡೆಬುರ್ಗ್ ಎಂದ ಕೂಡಲೇ ಮನೆಯಲ್ಲಿ ಗದ್ದಲ. 2024ರ ಡಿಸೆಂಬರ್ 20ರಂದು ಅಲ್ಲಿನ ಕ್ರಿಸ್ಮಸ್ ಮಾರುಕಟ್ಟೆಗೆ ಒಬ್ಬ ಕಾರು ನುಗ್ಗಿಸಿ ಆರು ಮಂದಿಯ ಜೀವ ತೆಗೆದದ್ದು ನೆನಪಿರಬಹುದು. ಮಾಡಿದವನು ಸೌದಿ ಮೂಲದ ವೈದ್ಯ, ಬಹಿರಂಗವಾಗಿ ಇಸ್ಲಾಮನ್ನೇ ವಿರೋಧಿಸುತ್ತಿದ್ದವನು. ಆದರೆ ಅದರ ನಂತರ ಬೀದಿಯಲ್ಲಿ ಬೈಗುಳ ತಿಂದದ್ದು, ಪೆಟ್ಟು ತಿಂದದ್ದು ವಲಸೆ ಬಂದ ಸಾಮಾನ್ಯ ಜನ. ಇವಳು ತಲೆಗೆ ಸ್ಕಾರ್ಫ್ ಹಾಕುವವಳು. ತಂಗಿ ಒಂದೇ ಮಾತಿನಲ್ಲಿ "ಬೇಡ" ಅಂದಳು. ಮಗಳು ಅಲ್ಲೇ ಓದುತ್ತಿರುವ ಕೇರಳದ ಒಬ್ಬ ಹುಡುಗಿಯನ್ನು ಹುಡುಕಿ ಮಾತಾಡಿದಳು. ಕ್ಯಾಂಪಸ್ಸಿನಲ್ಲಿ ಏನೂ ತೊಂದರೆ ಇಲ್ಲ, ಪ್ರೊಫೆಸರ್‌ಗಳು ಒಳ್ಳೆಯವರು, ರಾತ್ರಿ ಟ್ರಾಮಿನಲ್ಲಿ ಮಾತ್ರ ಒಬ್ಬಳೇ ಹೋಗುವುದಿಲ್ಲ ಎಂದಳಂತೆ ಆಕೆ. ಇದನ್ನು ಮುಚ್ಚಿಡದೆ ಉಮ್ಮನಿಗೆ ಹೇಳಿದ್ದು ಆ ಹುಡುಗಿಯ ದೊಡ್ಡ ಗುಣ ಎಂದೇ ನನಗನಿಸುತ್ತದೆ.

ಕೊನೆಗೆ ತೀರ್ಮಾನವಾದದ್ದು ಹೆದರಿಕೆಯಿಂದಲ್ಲ, ಪಾಠದ ವಿಷಯದಿಂದ. ಅವಳಿಗೆ ಬೇಕಾದದ್ದು ಸಾಫ್ಟ್‌ವೇರ್ ಇಂಜಿನಿಯರಿಂಗ್. ಆ ವಿಷಯದ್ದೇ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆ ಕೈಸರ್ಸ್‌ಲೌಟರ್ನ್‌ನಲ್ಲಿದೆ. ಜರ್ಮನಿಯ ಕೃತಕ ಬುದ್ಧಿಮತ್ತೆ ಸಂಶೋಧನಾ ಕೇಂದ್ರ 1988ರಲ್ಲಿ ಶುರುವಾದದ್ದೂ ಅಲ್ಲಿ ಮತ್ತು ಸಾರ್‌ಬ್ರುಕೆನ್‌ನಲ್ಲಿ. ಓದುವಾಗಲೇ ಅಂಥ ಕಡೆ ಪಾರ್ಟ್‌ಟೈಮ್ ಕೆಲಸ ಸಿಗುವ ಸಾಧ್ಯತೆ ಇದೆ. ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ ದುಡಿಯಬಹುದು. ಸುಮಾರು ಒಂದು ಲಕ್ಷ ಜನರ ಊರು, ಮ್ಯೂನಿಕ್‌ನ ಬಾಡಿಗೆ ಇಲ್ಲ.

ಈಗ ಕಾಗದದ ಕಥೆ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಗಳಲ್ಲಿ ಇದು ಎಲ್ಲರಿಗೂ ಬರುವ ತೊಂದರೆ.

2022ರ ನವೆಂಬರ್‌ನಿಂದ ಭಾರತದ ವಿದ್ಯಾರ್ಥಿಗಳು ಜರ್ಮನಿಯ ವೀಸಾಕ್ಕೆ ಎಪಿಎಸ್ ಎಂಬ ಪ್ರಮಾಣಪತ್ರ ತರಬೇಕು. ನಮ್ಮ ಅಂಕಪಟ್ಟಿಗಳು ಅಸಲಿಯೇ ಎಂದು ಪರಿಶೀಲಿಸಿ ಕೊಡುವ ಪತ್ರ, ಫೀಸು 18,000 ರೂಪಾಯಿ. ಅದಕ್ಕೆಂದು 2024ರ ಕೊನೆಗೆ ದಾಖಲೆಗಳನ್ನು ಒಟ್ಟಿಗೆ ಹರಡಿದಾಗ ಗೊತ್ತಾದದ್ದು, ಹುಡುಗಿಗೆ ಮೂರು ಹೆಸರು! ಶಾರ್ಜಾದ ಹತ್ತನೆಯ ಸರ್ಟಿಫಿಕೇಟಿನಲ್ಲಿ ಬರೇ ಒಂದು ಹೆಸರು. ಪಾಸ್‌ಪೋರ್ಟಿನಲ್ಲಿ ಅದೇ ಹೆಸರು, ಸರ್‌ನೇಮ್ ಜಾಗ ಖಾಲಿ. ವಿಟಿಯು ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಶಿಯಲ್. ಬ್ಯಾರಿಗಳಲ್ಲಿ ಮನೆತನದ ಹೆಸರನ್ನು ಪಾಸ್‌ಪೋರ್ಟಿಗೆ ಹಾಕುವ ಅಭ್ಯಾಸ ಎಲ್ಲರಿಗೂ ಇಲ್ಲ. ಹಿಂದೆ ಗಲ್ಫಿಗೆ ಹೋಗುವವರಿಗೆ ಅದು ಬೇಕೂ ಆಗಲಿಲ್ಲ. ಈಗ ಯುಎಇಯೇ 2022ರ ನವೆಂಬರ್‌ನಿಂದ ಒಂದೇ ಹೆಸರಿನ ಪಾಸ್‌ಪೋರ್ಟ್ ಇರುವವರನ್ನು ವಿಸಿಟ್ ವೀಸಾದಲ್ಲಿ ಬಿಡುವುದಿಲ್ಲ, ತಂದೆಯ ಅಥವಾ ಮನೆತನದ ಹೆಸರು ಪಾಸ್‌ಪೋರ್ಟಿನಲ್ಲಿ ಎಲ್ಲಾದರೂ ಇರಬೇಕು. ಅಮೆರಿಕದ ವೀಸಾದಲ್ಲಂತೂ ಇದ್ದ ಒಂದು ಹೆಸರನ್ನು ಸರ್‌ನೇಮ್ ಮಾಡಿ, ಸ್ವಂತ ಹೆಸರಿನ ಜಾಗದಲ್ಲಿ 'ಹೆಸರು ಗೊತ್ತಿಲ್ಲ' ಎಂಬ ಅರ್ಥದ ಮೂರಕ್ಷರ ಬರೆಯುತ್ತಾರೆ.

ಪಾಸ್‌ಪೋರ್ಟಿಗೆ ತಂದೆಯ ಹೆಸರನ್ನು ಸರ್‌ನೇಮ್ ಆಗಿ ಸೇರಿಸಿ ಹೊಸದು ಮಾಡಿಸಿದೆವು. ಅಂಕಪಟ್ಟಿಯ ಹೆಸರಿನವಳೂ ಇವಳೇ ಎಂದು ನೋಟರಿ ಅಫಿದವಿತ್ ಮಾಡಿಸಿದೆವು. ಕಾಲೇಜಿನ ಕಚೇರಿಗೆ ಒಂದು ಪತ್ರಕ್ಕಾಗಿ ನಾನು ಐದು ಸಲ ಅಲೆದೆ. ಐದನೇ ಸಲ ಅಲ್ಲಿನ ಗುಮಾಸ್ತರು, "ಇದು ಮೊದಲೇ ಹೇಳುದಲ್ವಾ ಮಾರಾಯ್ರೇ" ಅಂದರು. ಮೊದಲ ಸಲ ಹೇಳಿದ್ದೂ ಅವರಿಗೇ. ಒಟ್ಟು ಎರಡೂವರೆ ತಿಂಗಳು ಹೋಯಿತು. ಸಮಯ ಕೈಯಲ್ಲಿದ್ದದ್ದರಿಂದ ಬಚಾವ್. ಈ ಲೇಖನ ಓದುತ್ತಿರುವವರ ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಇವತ್ತೇ ಪಾಸ್‌ಪೋರ್ಟ್ ಮತ್ತು ಹತ್ತನೆಯ ಅಂಕಪಟ್ಟಿ ಅಕ್ಕಪಕ್ಕ ಇಟ್ಟು ನೋಡಿ.

ಬ್ಲಾಕ್ಡ್ ಅಕೌಂಟ್ ಹಣವನ್ನು ಭಾವ ಶಾರ್ಜಾದಿಂದಲೇ ನೇರ ಕಳುಹಿಸಿದರು, ಊರಿಗೆ ತಂದು ಮತ್ತೆ ಕಳುಹಿಸುವ ಸುತ್ತು ಬೇಕಾಗಲಿಲ್ಲ. ವೀಸಾದಲ್ಲಿ ಇನ್ನೊಂದು ಎಚ್ಚರ ಬೇಕಿತ್ತು. ಮೊದಲು ತಿರಸ್ಕಾರವಾದರೆ ರಾಯಭಾರ ಕಚೇರಿಗೇ ಮರುಪರಿಶೀಲನೆಗೆ ಬರೆಯಬಹುದಿತ್ತು. 2025ರ ಜುಲೈ 1ರಿಂದ ಜರ್ಮನಿ ಆ ದಾರಿಯನ್ನು ತೆಗೆದುಹಾಕಿದೆ. ಈಗ ಒಂದೋ ಹೊಸ ಅರ್ಜಿ, ಇಲ್ಲವಾದರೆ ಕೋರ್ಟ್. ಹಾಗಾಗಿ 'ಈ ಕೋರ್ಸ್ ಯಾಕೆ' ಎಂಬ ಪತ್ರವನ್ನು ಅವಳು ನಾಲ್ಕು ಸಲ ತಿದ್ದಿ ಬರೆದಳು. ಆಗಸ್ಟ್ ಕೊನೆಗೆ ವೀಸಾ ಬಂತು, ಅಲ್‌ಹಮ್ದುಲಿಲ್ಲಾಹ್.

ಅಲ್ಲಿ ತನಕ ಉಮ್ಮ ಏನೂ ಹೇಳಿರಲಿಲ್ಲ. ವೀಸಾ ಬಂದ ದಿನ ಕೇಳಿದರು, "ಮದುವೆ ಪ್ರಸ್ತಾಪ ಬಂದದ್ದಕ್ಕೆ ಎಂತ ಹೇಳುದು?" ತಂಗಿ, "ಎರಡು ವರ್ಷ ಕಾಯುವವರಾದರೆ ಕಾಯಲಿ" ಅಂದಳು. ಆಮೇಲೆ ಉಮ್ಮ ಅಡುಗೆ ಮನೆಗೆ ಹೋದರು. ಮರುದಿನದಿಂದ ತುಪ್ಪ ಕಾಯಿಸುವುದು, ಮಾಂಸದ ಉಪ್ಪಿನಕಾಯಿ ಹಾಕುವುದು ಶುರು. ಅವೆರಡನ್ನೂ ಕೊಂಡುಹೋಗುವ ಹಾಗಿಲ್ಲ ಎಂದು ಹೇಳುವ ಕೆಲಸ ನನ್ನ ಪಾಲಿಗೆ ಬಂತು. ಹೊರಗಿನಿಂದ ಬರುವವರು ಮಾಂಸ, ಹಾಲಿನ ಪದಾರ್ಥ ತರುವುದನ್ನು ಯುರೋಪಿಯನ್ ಒಕ್ಕೂಟ ನಿಷೇಧಿಸಿದೆ. ಮೀನಿಗೆ ಮಾತ್ರ 20 ಕಿಲೋ ತನಕ ಅವಕಾಶ ಇದೆ. "ಒಣಮೀನು ಹೋಗ್ತದಾ? ಹಾಗಾದ್ರೆ ಸಾಕು" ಅಂದರು ಉಮ್ಮ. ಸೂಟ್‌ಕೇಸಿನಲ್ಲಿ ಏಳು ಪದರ ಪ್ಲಾಸ್ಟಿಕ್ ಸುತ್ತಿ ಎರಡು ಕಿಲೋ ಹೋಯಿತು.

ಸೆಪ್ಟೆಂಬರ್ ಕೊನೆಗೆ ವಿಸಿಟ್ ವೀಸಾದಲ್ಲಿ ಮಂಗಳೂರಿನಿಂದ ದುಬೈಗೆ ಹೋಗಿ ಮೂರು ದಿನ ತಂದೆ-ತಾಯಿಯ ಜೊತೆ ಇದ್ದು, ಅಲ್ಲಿಂದ ಫ್ರಾಂಕ್‌ಫರ್ಟ್ ವಿಮಾನ ಹತ್ತಿದಳು. ಹೋದ ಮೇಲೆ ಒಂದು ವಿಷಯ ಗೊತ್ತಾಯಿತು. ಬ್ಲಾಕ್ಡ್ ಅಕೌಂಟಿನ ಹಣ ಇಳಿದ ದಿನವೇ ಸಿಗುವುದಿಲ್ಲ. ಮನೆ ಸಿಕ್ಕಿ ಎರಡು ವಾರದೊಳಗೆ ನಗರದ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು, ಅದಕ್ಕೆ ಮನೆಯ ಮಾಲಕರ ಪತ್ರ ಬೇಕು, ಆಮೇಲೆ ಬ್ಯಾಂಕ್ ಖಾತೆ, ಆಮೇಲೆ ಹಣ. ಹಾಸ್ಟೆಲಿನ ವೇಟಿಂಗ್ ಲಿಸ್ಟಿನಲ್ಲಿ ಹೆಸರು ಬರೆದದ್ದು ಜೂನ್‌ನಲ್ಲಿ, ಕೋಣೆ ಸಿಕ್ಕಿದ್ದು ನವೆಂಬರ್‌ನಲ್ಲಿ. ನಡುವೆ ಆರು ವಾರ ಮೂರು ಹುಡುಗಿಯರ ಜೊತೆ ಒಂದೇ ಕೋಣೆ. ಭಾವ ಕೈಯಲ್ಲಿ ಕೊಟ್ಟಿದ್ದ ಹೆಚ್ಚುವರಿ 1,200 ಯೂರೋ ಇಲ್ಲದಿದ್ದರೆ ಕಷ್ಟ ಇತ್ತು. ನೋಡದ ಮನೆಗೆ ಅಡ್ವಾನ್ಸ್ ಕಳುಹಿಸಿ ಎಂದು ಇಬ್ಬರು ಮೆಸೇಜ್ ಮಾಡಿದ್ದರು, ಅವಳು ಕಳುಹಿಸಲಿಲ್ಲ. ಕೋರ್ಸ್ ಇಂಗ್ಲಿಷ್‌ನಲ್ಲಿದ್ದರೂ ಅಂಗಡಿ, ಕಚೇರಿಗಳಲ್ಲಿ ನಡೆಯುವುದು ಜರ್ಮನ್. ಮಂಗಳೂರಿನಲ್ಲಿ ಕಲಿತ ಎ2 ಮಟ್ಟ ಬಸ್ಸಿಗೂ ಟರ್ಕಿಯವರ ಹಲಾಲ್ ಅಂಗಡಿಗೂ ಸಾಕು, ನಗರ ಕಚೇರಿಗೆ ಸಾಲದು ಎನ್ನುತ್ತಾಳೆ.

ಈಗ ಎರಡನೇ ಸೆಮಿಸ್ಟರ್. ಮೊದಲನೆಯದರಲ್ಲಿ ಒಂದು ವಿಷಯ ಹೋಗಿದೆ, ಅದನ್ನೂ ಫೋನಿನಲ್ಲಿ ತಾನೇ ಹೇಳಿದಳು. ವಾರಕ್ಕೆ ಹತ್ತು ಗಂಟೆ ಒಬ್ಬ ಪ್ರೊಫೆಸರ್ ಬಳಿ ಕೆಲಸ ಸಿಕ್ಕಿದೆ. ಪರ್ಮಿಟ್ ನವೀಕರಣಕ್ಕೆ ಮುಂದಿನ ವರ್ಷದ ಖರ್ಚಿಗೂ ಹಣ ತೋರಿಸಬೇಕು. ಅವಳ ಸಂಬಳ ಕಳೆದು ಎಷ್ಟು ಉಳಿಯುತ್ತದೆ ಎಂದು ಭಾವ ಪ್ರತಿ ತಿಂಗಳು ಒಂದು ಹಾಳೆಯಲ್ಲಿ ಬರೆದು ನನಗೂ ಅವಳಿಗೂ ಕಳುಹಿಸುತ್ತಾರೆ. ಮೊನ್ನೆಯ ಹಾಳೆಯಲ್ಲಿ ಇನ್ನು 19 ಸಾವಿರ ದಿರ್ಹಮ್ ಬಾಕಿ ಎಂದಿತ್ತು.