ಕಿರಿಯೆಲೆಯ ಎಲ್ಮ್ ಮರ

ಎಲ್ಮ್ ಎಂಬ ಹೆಸರನ್ನು ಇಂಗ್ಲಿಷ್ ಪಾಠಗಳಲ್ಲಿ ಓದಿರುವೆವೇ ಹೊರತು ಮರವನ್ನು ಕಂಡವರು ನಮ್ಮಲ್ಲಿ ವಿರಳ. ಆದರೂ ಅದರ ಬಳಗವು ನಮಗೆ ತೀರ ಅಪರಿಚಿತವಲ್ಲ. ನಮ್ಮ ನಾಡಿನ ತಪಸಿ ಮರವು ಆ ಕುಟುಂಬಕ್ಕೇ ಸೇರಿದುದು. ತಪಸಿಯಿಂದುದುರಿ ಗಾಳಿಯಲ್ಲಿ ತೇಲುವ, ಕಾಗದದಂತೆ ತೆಳುವಾದ ಕಾಯಿಗಳನ್ನು ನೋಡಿದವರು ಎಲ್ಮ್ ಮರದ ಕಾಯಿಯನ್ನೂ ಊಹಿಸಿಕೊಳ್ಳಬಹುದು. ಈ ಬಳಗದಲ್ಲಿ ಉದ್ಯಾನಕ್ಕೆ ಅತ್ಯಂತ ಒಪ್ಪುವಂಥಾದ್ದೆಂದು ನಮಗೆ ತೋರುವುದು ಚೀನಾ, ಕೊರಿಯಾ, ಜಪಾನ್ ದೇಶಗಳಲ್ಲಿ ಬೆಳೆಯುವ ಕಿರಿಯೆಲೆಯ ಎಲ್ಮ್. ಸಸ್ಯಶಾಸ್ತ್ರಜ್ಞರು ಇದನ್ನು ಉಲ್ಮಸ್ ಪಾರ್ವಿಫೋಲಿಯ ಎಂದು ಕರೆಯುವರು.

ಇದು ಸಾಧಾರಣವಾಗಿ ೪೦-೫೦ ಅಡಿ ಎತ್ತರಕ್ಕೆ ಬೆಳೆಯುವುದು. ಎಲೆಯು ಒಂದೆರಡು ಅಂಗುಲದಷ್ಟು ಉದ್ದವಾಗಿಯೂ ದಪ್ಪವಾಗಿಯೂ ನುಣುಪಾಗಿಯೂ ಇದ್ದು, ಅದರ ಅಂಚು ಗರಗಸದ ಹಲ್ಲುಗಳನ್ನು ಹೋಲುವುದು. ಹೂವಿಗೆ ದಳಗಳಿಲ್ಲ, ಪರಾಗವನ್ನು ಗಾಳಿಯೇ ಒಯ್ಯುವುದು. ಮರದ ಸೊಬಗೆಲ್ಲವೂ ತೊಗಟೆಯಲ್ಲಿದೆ. ಹಳೆಯ ತೊಗಟೆಯು ತೆಳ್ಳನೆಯ ಚಕ್ಕೆಗಳಾಗಿ ಕಳಚಲು, ಬೂದು, ಹಸುರು, ಕಿತ್ತಳೆ, ಕಂದು ಬಣ್ಣದ ಮಚ್ಚೆಗಳು ಕಾಣಿಸಿಕೊಳ್ಳುವುವು. ಎಲೆಯುದುರಿದ ಚಳಿಗಾಲದಲ್ಲಿಯೂ ಈ ಕಾಂಡವು ನೋಡತಕ್ಕದ್ದೇ.

ಕೊಳ್ಳುವವರು ಒಂದು ವಿಷಯದಲ್ಲಿ ಎಚ್ಚರದಿಂದಿರಬೇಕು. ಅಮೇರಿಕದಲ್ಲಿ ಸೈಬೀರಿಯದ ಎಲ್ಮ್ ಎಂಬ ಬೇರೊಂದು ಮರವನ್ನು ಇದರ ಹೆಸರಿನಿಂದಲೇ ಮಾರಿದ್ದುಂಟು. ಅದರ ಕೊಂಬೆಗಳು ಬಿರುಗಾಳಿಗೆ ಬೇಗನೆ ಮುರಿಯುವುವು. ಅದು ವಸಂತದಲ್ಲಿ ಹೂ ಬಿಡುವುದು. ಕಿರಿಯೆಲೆಯ ಎಲ್ಮ್ ಆಗಸ್ಟ್ ಅಕ್ಟೋಬರ್ ತಿಂಗಳುಗಳ ನಡುವೆ ಬಿಡುವುದು.

ಈ ಮರಕ್ಕೆ ವಿಶೇಷ ಗೌರವ ಬಂದುದು ಅದರ ಹಿರಿಯ ಬಂಧುಗಳಿಗೆ ಒದಗಿದ ವಿಪತ್ತಿನಿಂದ. ಒಂದು ಬಗೆಯ ಶಿಲೀಂಧ್ರವು ತೊಗಟೆ ಕೊರೆಯುವ ದುಂಬಿಗಳ ಮೂಲಕ ಹರಡಿ, ಮರದೊಳಗಿನ ನೀರಿನ ನಾಳಗಳು ಕಟ್ಟಿಹೋಗುವಂತೆ ಮಾಡಿ, ಯೂರೋಪು ಅಮೇರಿಕಗಳ ಎಲ್ಮ್ ಸಾಲುಗಳನ್ನು ಒಣಗಿಸಿತು. ೧೯೭೦ರಿಂದೀಚೆಗೆ ಬ್ರಿಟನ್ ಒಂದರಲ್ಲಿಯೇ ಎರಡು ಕೋಟಿಗೂ ಹೆಚ್ಚು ಮರಗಳು ಸತ್ತವು. ಇದರ ಕಾರಣವನ್ನು ಕಂಡುಹಿಡಿದವರು ಸ್ತ್ರೀಯರೆಂಬುದನ್ನು ನಮ್ಮ ವಾಚಕಿಯರು ಗಮನಿಸಬೇಕು. ೧೯೧೭ರಲ್ಲಿ ಹಾಲೆಂಡಿನ ಪ್ರಥಮ ಮಹಿಳಾ ಪ್ರಾಧ್ಯಾಪಕಿಯಾದ ಯೊಹಾನ್ನಾ ವೆಸ್ಟರ್‌ಡೈಕ್ ಎಂಬಾಕೆಯ ಶಿಷ್ಯೆ ಬೇಯಾ ಷ್ವಾರ್ಟ್ಸ್ ೧೯೨೨ರಲ್ಲಿ ಶಿಲೀಂಧ್ರವೇ ಕಾರಣವೆಂದು ತೋರಿಸಿದಳು. ಪಂಡಿತರು ಹಲವರು ನಂಬಲಿಲ್ಲ. ಐದು ವರ್ಷಗಳ ಬಳಿಕ ಕ್ರಿಸ್ಟೀನ್ ಬೊಯ್ಸ್‌ಮನ್ ಆರೋಗ್ಯವಂತ ಮರಗಳಿಗೆ ಅದನ್ನು ಅಂಟಿಸಿ, ರೋಗ ಬರುವುದನ್ನು ಸಿದ್ಧಪಡಿಸಿದಳು. ಇಷ್ಟು ಸೇವೆಗೆ ಆ ದೇಶಕ್ಕೆ ದೊರೆತ ಬಹುಮಾನವೆಂದರೆ, ರೋಗಕ್ಕೆ ಡಚ್ ಎಲ್ಮ್ ರೋಗವೆಂಬ ಹೆಸರು! ಕಿರಿಯೆಲೆಯ ಎಲ್ಮ್ ಈ ರೋಗವನ್ನು ಬಹುಮಟ್ಟಿಗೆ ತಡೆದುಕೊಳ್ಳುವುದು.

ಇದನ್ನು ಬೆಳೆಸುವುದು ಕಷ್ಟವಲ್ಲ. ಬೀಜಗಳ ಮೊಳೆಯುವ ಶಕ್ತಿಯು ಬೇಗನೆ ಕುಂದುವುದರಿಂದ ಹೊಸ ಬೀಜವನ್ನೇ ಬಿತ್ತಿ, ಮೇಲೆ ತೆಳ್ಳಗೆ ಮಣ್ಣು ಹರಡಬೇಕು. ಎಳೆಯ ಕಡ್ಡಿಗಳನ್ನು ನೆಟ್ಟರೂ ಬೇರು ಬಿಡುವುವು. ಬಿಸಿಲು ಚೆನ್ನಾಗಿ ಬೀಳುವ, ನೀರು ನಿಲ್ಲದ ಸ್ಥಳವು ಯೋಗ್ಯ. ಮೊದಲ ಎರಡು ಮೂರು ವರ್ಷ ತಪ್ಪದೆ ನೀರೆರೆದರೆ ಮುಂದೆ ಅದು ಬರವನ್ನೂ ಸಹಿಸುವುದು. ಸ್ಥಳವಿಲ್ಲದವರು ಜಪಾನೀಯರ ರೀತಿಯಲ್ಲಿ ಆಳವಿಲ್ಲದ ಕುಂಡದಲ್ಲಿ ಕುಬ್ಜವೃಕ್ಷವಾಗಿ ಸಾಕಬಹುದು. ನೆಲದಲ್ಲಿ ಬೆಳೆಸುವವರು ಮಾತ್ರ ಎಳೆತನದಲ್ಲಿಯೇ ಒಂದು ನಡುಕಾಂಡವನ್ನು ಉಳಿಸಿಕೊಂಡು, ಅದಕ್ಕೆ ತೀರ ಒತ್ತಾಗಿ ಎದ್ದ ಕವಲುಗಳನ್ನು ಕತ್ತರಿಸಿಬಿಡಬೇಕು. ಮರವು ದೊಡ್ಡದಾದ ಮೇಲೆ ಅಂಥ ಕವಲುಗಳೇ ಗಾಳಿಗೆ ಮೊದಲು ಸೀಳುವುವು.