ಕಾಶಿಯಲ್ಲಿ ಮೊಬೈಲ್ ಮೊಳಗಿದರೆ ಕಾಸು ಯಾರದು?



ನಿಮ್ಮ ಅಜ್ಜಿಯೋ ತಾತನೋ ಹಿಂದೆ ಕಾಶಿಯಾತ್ರೆಗೆ ಹೋಗಿ ಜಂಗಮವಾಡಿ ಮಠದಲ್ಲಿ ಇಳಿದುಕೊಂಡಿದ್ದಾಗ, ಊರಿನಿಂದ ಬಂದ ಕರೆಯನ್ನು ಎತ್ತದೆ ಕತ್ತರಿಸಿದ್ದರೆ ಬೇಸರಪಡಬೇಡಿ. ಅದು ಮರೆವಲ್ಲ, ಲೆಕ್ಕಾಚಾರ!

ಭಾರತದ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು, ಕಲ್ಕತ್ತ ಮತ್ತು ದೆಹಲಿಯ ನಡುವೆ. ಆಗ ಕರೆ ಮಾಡಿದವರಷ್ಟೇ ಅಲ್ಲ, ಸ್ವೀಕರಿಸಿದವರೂ ಹಣ ತೆರಬೇಕಿತ್ತು. ದರ ನಿಮಿಷಕ್ಕೆ 16 ರೂಪಾಯಿವರೆಗೂ ಇತ್ತು. ಯಾರೋ ಮಾಡಿದ ಕರೆಗೆ ತಾನು ದುಡ್ಡು ಕೊಡಬೇಕೆಂದರೆ ಗಂಗೆಯಲ್ಲಿ ದೋಣಿ ನಡೆಸುವವನು ಫೋನ್ ಇಟ್ಟುಕೊಂಡಾನೆ?

ಕರೆ ಮಾಡಿದವರೇ ಹಣ ಕೊಡಲಿ ಎಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, 1999ರಲ್ಲೇ ಆದೇಶಿಸಿತ್ತು. 2000ದ ಜನವರಿಯಲ್ಲಿ ದೆಹಲಿ ಹೈಕೋರ್ಟ್ ಅದನ್ನು ರದ್ದುಪಡಿಸಿತು. ಕೊನೆಗೆ 2003ರ ಮೇ 1ರಿಂದ ನಿಯಮ ಜಾರಿಗೆ ಬಂದು ಒಳಬರುವ ಕರೆ ಉಚಿತವಾಯಿತು. ಕರೆ ತಲುಪಿಸಿದ ಕಂಪನಿಗೆ ಕರೆ ಮಾಡಿದವರ ಕಂಪನಿಯೇ ಪಾಲು ಕೊಡುವ ಏರ್ಪಾಡಾಯಿತು. 2004ರಲ್ಲಿ ಆ ಪಾಲು ನಿಮಿಷಕ್ಕೆ 30 ಪೈಸೆ. 2021ರ ಜನವರಿ 1ರಿಂದ ಸೊನ್ನೆ.

2003ರ ಮಾರ್ಚ್‌ನಲ್ಲಿ ದೇಶದಲ್ಲಿ ಸುಮಾರು 1.3 ಕೋಟಿ ಮೊಬೈಲ್‌ಗಳಿದ್ದವು. ಒಂದೇ ವರ್ಷದಲ್ಲಿ 3.3 ಕೋಟಿ! ಪೈಪೋಟಿಯಿಂದ ದರ ಇಳಿದದ್ದೂ ಇದಕ್ಕೆ ಕಾರಣ, ನಿಜ. ಆದರೆ ಕಾಸು ಖರ್ಚಿಲ್ಲದೆ ಕರೆ ಸ್ವೀಕರಿಸಬಹುದೆಂಬ ಧೈರ್ಯ ಬಡವರ ಕೈಗೂ ಫೋನ್ ಕೊಟ್ಟಿತು. 'ಮಿಸ್ಡ್ ಕಾಲ್' ಎಂಬ ಜಾಣತನ ಬೆಳೆದದ್ದೂ ಹೀಗೆಯೇ.

ಅಮೆರಿಕದಲ್ಲಿ ಬಹುಕಾಲ ಸ್ವೀಕರಿಸಿದವರ ನಿಮಿಷಗಳೂ ಕಳೆಯುತ್ತಿದ್ದವು. ಅಲ್ಲಿ ಮನೆ ಫೋನಿಗೂ ಮೊಬೈಲಿಗೂ ಒಂದೇ ಬಗೆಯ ಸಂಖ್ಯೆ. ಕರೆ ಮಾಡುವವರಿಗೆ ಅದು ಮೊಬೈಲ್ ಎಂದು ತಿಳಿಯದಿದ್ದಾಗ, ಹೆಚ್ಚಿನ ಹಣ ಕೇಳುವುದು ಹೇಗೆ?

ಕಾಶಿಯಲ್ಲಿದ್ದ ಅಜ್ಜಿಗೆ ಅಡ್ಡಿಯಾದದ್ದೂ ಇದೇ ತರ್ಕ. ಅವರದು ಬೆಂಗಳೂರಿನ ಸಂಖ್ಯೆ. ಅವರು ಪರವೂರಿನಲ್ಲಿದ್ದಾರೆಂದು ಕರೆ ಮಾಡುವವರಿಗೆ ಹೇಗೆ ಗೊತ್ತು? ಆದ್ದರಿಂದ ಬೆಂಗಳೂರಿನಿಂದ ಕಾಶಿಯವರೆಗಿನ ಖರ್ಚು ಅಜ್ಜಿಯ ಪಾಲಿಗೆ. 2003ರ ನಂತರವೂ ಈ ರೋಮಿಂಗ್ ಶುಲ್ಕ ಉಳಿಯಿತು. ಟ್ರಾಯ್ ಅದಕ್ಕೆ 2007ರಲ್ಲಿ ನಿಮಿಷಕ್ಕೆ 1.75 ರೂಪಾಯಿ, 2013ರಲ್ಲಿ 75 ಪೈಸೆ, 2015ರಲ್ಲಿ 45 ಪೈಸೆಯ ಮಿತಿ ಹಾಕಿತು. 2015ರಲ್ಲಿ ಬಿಎಸ್ಎನ್ಎಲ್, 2017ರ ವೇಳೆಗೆ ಇತರ ದೊಡ್ಡ ಕಂಪನಿಗಳು ಅದನ್ನು ಕೈಬಿಟ್ಟವು.

ನಿಯಮವೆಂದರೆ ಒಣ ಕಾಗದವೆಂದು ತಿಳಿಯಬೇಡಿ. ಯಾರ ದನಿ ಯಾರಿಗೆ ಕೇಳಬೇಕೆಂಬುದನ್ನೂ ಅದು ತೀರ್ಮಾನಿಸುತ್ತದೆ. ಮುಂದಿನ ಬಾರಿ ನಿಮ್ಮ ಹಿರಿಯರು ಕಾಶಿಗೆ ಹೋದಾಗ ತಪ್ಪದೆ ಫೋನ್ ಮಾಡಿ. ಈಗ ಅವರು ಅವಸರವಿಲ್ಲದೆ ಮಾತಾಡಬಹುದು. ನೀವೂ ಕನ್ನಡದಲ್ಲೇ ನಾಲ್ಕು ಮಾತು ಹೆಚ್ಚಾಗಿ ಆಡಿ.